ಎದುರಾಳಿಯ ಕೈ ಓದಲು ಕಲಿಯುವವರಿಗೆ ಈಕ್ವಿಲ್ಯಾಬ್ ಮತ್ತು ಫ್ಲಾಪ್‌ಜಿಲ್ಲಾ: ಯಾವುದರಿಂದ ಎಷ್ಟು ಪ್ರಯೋಜನ?

ಟೆಕ್ಸಾಸ್ ಹೋಲ್ಡೆಮ್ ಎಂಬ ಪೋಕರ್ ಆಡುವವರು ಎದುರಾಳಿಯ ಕೈ ಓದುವುದನ್ನು ಗಂಭೀರವಾಗಿ ಕಲಿಯಲು ಹೊರಟಾಗ ಮೊದಲು ಕಿವಿಗೆ ಬೀಳುವ ಹೆಸರುಗಳು ಎರಡು: ಈಕ್ವಿಲ್ಯಾಬ್ ಮತ್ತು ಫ್ಲಾಪ್‌ಜಿಲ್ಲಾ. ಎರಡೂ ವಿಂಡೋಸ್ ಕಂಪ್ಯೂಟರಿನಲ್ಲಿ ನಡೆಯುವ ಸಣ್ಣ ತಂತ್ರಾಂಶಗಳು. ಈಕ್ವಿಲ್ಯಾಬ್ ಪೋಕರ್‌ಸ್ಟ್ರಾಟಜಿ ತಾಣದವರದು, ಉಚಿತ. ಫ್ಲಾಪ್‌ಜಿಲ್ಲಾಕ್ಕೆ ದುಡ್ಡು ಕೊಟ್ಟು ಲೈಸೆನ್ಸ್ ಪಡೆಯಬೇಕು. ಎರಡರಲ್ಲೂ ಪರದೆಯ ಮೇಲೆ ಕಾಣುವುದು ಹೆಚ್ಚುಕಡಿಮೆ ಒಂದೇ ಚಿತ್ರ: 13 ಸಾಲು, 13 ಕಂಬ, ಒಟ್ಟು 169 ಚೌಕ, ಒಂದೊಂದು ಚೌಕವೂ ಆಟಗಾರನಿಗೆ ಮುಚ್ಚಿ ಹಂಚುವ ಎರಡೆಲೆಯ ಕೈಯ ಒಂದು ಬಗೆ. ಹಾಗಾಗಿ ಎರಡೂ ಒಂದೇ ಕೆಲಸ ಮಾಡುತ್ತವೆ ಎಂದುಕೊಂಡು ಉಚಿತವಾದದ್ದನ್ನು ಇಳಿಸಿಕೊಂಡು, ನಾಲ್ಕು ದಿನ ಗುಂಡಿ ಒತ್ತಿ, ಏನೂ ಕಲಿಯದೆ ಬಿಟ್ಟವರು ಬಹಳ. ಅವು ಮಾಡುವ ಕೆಲಸ ಬೇರೆ ಬೇರೆ. ಎರಡಕ್ಕೂ ಮೊದಲು ಕಾಗದ-ಪೆನ್ಸಿಲ್ ಹಿಡಿದು ಮಾಡಬೇಕಾದ ಕೆಲಸ ಇನ್ನೊಂದಿದೆ.

ಕೈ ಓದುವುದು ಎಂದಾಗ ಹೊಸಬರ ಮನಸ್ಸಿನಲ್ಲಿ ಬರುವುದು ಎದುರಿನವನ ಮುಖ, ನಡುಗುವ ಬೆರಳು, "ಇವನ ಹತ್ತಿರ ಎಕ್ಕ-ರಾಜ ಇರಲೇಬೇಕು" ಎಂಬ ಊಹೆ. ಅನುಭವಿಗಳು ಹಿಡಿಯುವ ದಾರಿ ಬೇರೆ. ಅವನು ಈ ರೀತಿ ಆಡಿದ್ದರೆ ಅವನ ಕೈಯಲ್ಲಿ ಏನೇನು ಇರಲು ಸಾಧ್ಯ ಎಂಬುದರ ಪೂರ್ತಿ ಪಟ್ಟಿಯನ್ನು ಮೊದಲು ಇಟ್ಟುಕೊಳ್ಳುತ್ತಾರೆ. ಅದಕ್ಕೆ ರೇಂಜ್ ಎಂದು ಹೆಸರು. ಆಮೇಲೆ ಫ್ಲಾಪ್ (ಮೇಜಿನ ಮೇಲೆ ಎಲ್ಲರಿಗೂ ಸೇರಿ ಬಿಡಿಸುವ ಮೊದಲ ಮೂರು ಎಲೆ), ಟರ್ನ್ (ನಾಲ್ಕನೆಯದು), ರಿವರ್ (ಐದನೆಯದು) ಎಂದು ಒಂದೊಂದು ಹಂತದಲ್ಲೂ ಅವನು ಮಾಡಿದ ಕೆಲಸಕ್ಕೆ ಹೊಂದದ ಕೈಗಳನ್ನು ಹೊಡೆದುಹಾಕುತ್ತ ಹೋಗುತ್ತಾರೆ. ಕೊನೆಗೆ ಉಳಿದವುಗಳಲ್ಲಿ ನಮ್ಮನ್ನು ಸೋಲಿಸುವವು ಎಷ್ಟು, ನಾವು ಸೋಲಿಸುವವು ಎಷ್ಟು ಎಂದು ಎಣಿಸುತ್ತಾರೆ. ಈ ಎಣಿಕೆ ಬಾರದವನಿಗೆ ಯಾವ ತಂತ್ರಾಂಶವೂ ಉಪಯೋಗಕ್ಕೆ ಬರುವುದಿಲ್ಲ.

ಮೊದಲು ಚೌಕಗಳ ಲೆಕ್ಕ

52 ಎಲೆಗಳಿಂದ ಎರಡು ಎಲೆಯ ಕೈ 1326 ರೀತಿಯಲ್ಲಿ ಬರುತ್ತದೆ. ಒಂದೊಂದು ರೀತಿಗೂ ಕಾಂಬೋ ಎನ್ನುತ್ತಾರೆ. ಇಷ್ಟನ್ನೂ 169 ಚೌಕಗಳಿಗೆ ತುಂಬಿದಾಗ ಎಲ್ಲ ಚೌಕಗಳ ತೂಕ ಒಂದೇ ಇರುವುದಿಲ್ಲ. ಮೂಲೆಯಿಂದ ಮೂಲೆಗೆ ಓರೆಯಾಗಿ ಇಳಿಯುವ 13 ಚೌಕಗಳು ಜೋಡಿಗಳವು, ಒಂದೊಂದರಲ್ಲೂ 6 ಕಾಂಬೋ. ಮೇಲ್ಭಾಗದ 78 ಚೌಕಗಳು ಸೂಟೆಡ್, ಎಂದರೆ ಎರಡೂ ಎಲೆ ಒಂದೇ ಸೂಟಿನವು. ಒಂದೊಂದರಲ್ಲಿ 4 ಕಾಂಬೋ, ಒಟ್ಟು 312. ಕೆಳಭಾಗದ 78 ಆಫ್‌ಸೂಟ್. ಒಂದೊಂದರಲ್ಲಿ 12 ಕಾಂಬೋ, ಒಟ್ಟು 936. ಪರದೆಯ ಮೇಲೆ ಎರಡು ಭಾಗವೂ ಸಮವಾಗಿ ಕಾಣುತ್ತದೆ, ಆದರೆ ಕೆಳಗಿನ ಭಾಗದ ತೂಕ ಮೇಲಿನದರ ಮೂರು ಪಟ್ಟು. ಬಣ್ಣ ಹಚ್ಚಿದ ಚೌಕಗಳನ್ನು ಕಣ್ಣಳತೆಯಲ್ಲಿ ನೋಡಿ "ಇವನ ರೇಂಜ್ ತುಂಬ ಸೂಟೆಡ್ ಕೈಗಳು" ಎನ್ನುವವರು ಮೋಸ ಹೋಗುವುದು ಇಲ್ಲೇ.

ಎಂಟು ಸೂಟೆಡ್ ಚೌಕಕ್ಕೆ ಬಣ್ಣ ಹಚ್ಚಿದರೆ 32 ಕಾಂಬೋ. ಎಕ್ಕ-ರಾಜ, ಎಕ್ಕ-ರಾಣಿ ಆಫ್‌ಸೂಟ್ ಎಂಬ ಎರಡೇ ಚೌಕಕ್ಕೆ ಹಚ್ಚಿದರೆ 24. ಈ ಅಂದಾಜು ಬೆರಳ ತುದಿಯಲ್ಲಿ ಇರಬೇಕು.

ಇನ್ನೊಂದು ಲೆಕ್ಕ, ಕಾಣುತ್ತಿರುವ ಎಲೆಗಳದು. ಒಂದು ರಾಜ ಕಣ್ಣಿಗೆ ಬಿದ್ದರೆ, ಬೋರ್ಡಿನಲ್ಲಿರಲಿ (ಮೇಜಿನ ಮೇಲೆ ಬಿಡಿಸಿದ ಎಲೆಗಳಲ್ಲಿ) ನಮ್ಮ ಕೈಯಲ್ಲಿರಲಿ, ರಾಜನ ಜೋಡಿ 6ರಿಂದ 3ಕ್ಕೆ ಇಳಿಯುತ್ತದೆ. ಎರಡು ರಾಜ ಕಂಡರೆ 1. ಎಕ್ಕ-ರಾಜ ಒಟ್ಟು 16 (4 ಸೂಟೆಡ್, 12 ಆಫ್‌ಸೂಟ್). ಒಂದು ಎಕ್ಕ ಕಂಡರೆ 12, ಒಂದು ಎಕ್ಕ ಒಂದು ರಾಜ ಎರಡೂ ಕಂಡರೆ 9. ಬಾಕಿ ಎಲೆಗಳನ್ನು ಗುಣಿಸಿದರಾಯಿತು: 3 ಎಕ್ಕ, 4 ರಾಜ, ಮೂರ್ನಾಲ್ಕ್ಲೆ ಹನ್ನೆರಡು. ಇಷ್ಟನ್ನು ಕಾಗದದ ಮೇಲೆ ಒಂದು ವಾರ ದಿನಕ್ಕೆ ಹತ್ತು ನಿಮಿಷ ಮಾಡಿದರೆ ಬಾಯಿಪಾಠವಾಗುತ್ತದೆ. ಮಾಡದೆ ತಂತ್ರಾಂಶ ತೆರೆದರೆ ಪರದೆಯ ಮೇಲಿನ ಸಂಖ್ಯೆ ಎಲ್ಲಿಂದ ಬಂತೆಂದು ತಿಳಿಯುವುದೇ ಇಲ್ಲ, ತಪ್ಪು ಸಂಖ್ಯೆ ಬಂದಾಗ ಗುಮಾನಿಯೂ ಹುಟ್ಟುವುದಿಲ್ಲ.

ಈಕ್ವಿಲ್ಯಾಬ್

ಈಕ್ವಿಲ್ಯಾಬ್‌ನ ಮುಖ್ಯ ಕೆಲಸ ಒಂದೇ: ಒಂದು ಕೈಗೆ ಎದುರಾಗಿ ಇನ್ನೊಂದು ಕೈ ಅಥವಾ ರೇಂಜ್ ಕೊಟ್ಟರೆ, ಯಾರ ಪಾಲಿಗೆ ಪಾಟಿನ (ಎಲ್ಲರೂ ಹಾಕಿದ ಪಣದ ಮೊತ್ತದ) ಶೇಕಡಾ ಎಷ್ಟು ಬರಬೇಕು ಎಂದು ಹೇಳುವುದು. ಎಕ್ಕದ ಜೋಡಿಗೆ ರಾಜನ ಜೋಡಿಯನ್ನು ಎದುರಿಟ್ಟರೆ ಎಕ್ಕದ ಪಾಲು ಶೇ 82ರ ಆಸುಪಾಸು. ಇದಕ್ಕೆ ಈಕ್ವಿಟಿ ಎಂದು ಹೆಸರು. ಬೋರ್ಡಿನ ಎಲೆಗಳನ್ನು ಕೊಡಬಹುದು, ಆಟದಿಂದ ಹೊರಗಿರುವ ಎಲೆಗಳನ್ನೂ ಕೊಡಬಹುದು.

ಲೆಕ್ಕ ಹಾಕಲು ಎರಡು ದಾರಿ ಇವೆ. ಸಾಧ್ಯವಿರುವ ಎಲ್ಲ ಬೋರ್ಡುಗಳನ್ನೂ ಒಂದೊಂದಾಗಿ ನೋಡುವುದು ಒಂದು. ಮಾಂಟೆ ಕಾರ್ಲೊ ಎಂಬ ವಿಧಾನದಲ್ಲಿ ಲಕ್ಷಾಂತರ ಬೋರ್ಡುಗಳನ್ನು ಯಾದೃಚ್ಛಿಕವಾಗಿ ಹಂಚಿ ಸರಾಸರಿ ತೆಗೆಯುವುದು ಇನ್ನೊಂದು. ಫ್ಲಾಪಿಗೂ ಮೊದಲು ಎರಡು ಕೈಗಳ ನಡುವೆ 17,12,304 ಬೋರ್ಡುಗಳು ಸಾಧ್ಯ. ಎರಡೂ ಕಡೆ ದೊಡ್ಡ ರೇಂಜ್ ಕೊಟ್ಟರೆ ಇದು ಬೆಳೆಯುತ್ತ ಹೋಗುವುದರಿಂದ ಮಾಂಟೆ ಕಾರ್ಲೊ ಸಾಕು. ಫ್ಲಾಪ್ ಬಿದ್ದ ಮೇಲೆ ಒಂದು ಕೈಗೆ ಎದುರಾಗಿ ಒಂದು ಕಾಂಬೋ ಎಂದರೆ ಉಳಿಯುವುದು ಬರೀ 990 ಜೋಡಿ ಎಲೆಗಳು. ಅಲ್ಲಿಂದ ಮುಂದೆ ಪೂರ್ತಿ ಎಣಿಕೆಯ ಗುಂಡಿಯನ್ನೇ ಒತ್ತಿ, ಕಾಯುವ ಮಾತೇ ಇಲ್ಲ.

ಮೆಚ್ಚಬೇಕಾದ ಭಾಗ ಎಂದರೆ ಇದರ ವೇಗ ಮತ್ತು ಸರಳತೆ. ಮೆಚ್ಚಲಾಗದ್ದು ಶೇಕಡಾ ಸ್ಲೈಡರ್. ಪಟ್ಟಿಯನ್ನು ಎಳೆದು ಶೇ 20ಕ್ಕೆ ತಂದರೆ ಸುಮಾರು 265 ಕಾಂಬೋಗಳ ರೇಂಜ್ ಕಣ್ಣೆದುರು ಬರುತ್ತದೆ. ಕೈಗಳನ್ನು ಯಾವುದೋ ಒಂದು ಕ್ರಮದಲ್ಲಿ ಜೋಡಿಸಿ ಮೇಲಿನ ಶೇ 20 ಅನ್ನು ಕತ್ತರಿಸಿ ಕೊಟ್ಟಿದ್ದು ಅದು. ಎದುರಿನವನು ಆ ಕ್ರಮದಲ್ಲಿ ಆಡುತ್ತಾನೆಂದು ಯಾರು ಹೇಳಿದರು? ಒಬ್ಬನಿಗೆ ಸೂಟೆಡ್ ಏಳು-ಆರು ಎಂದರೆ ಪ್ರಾಣ, ಎಕ್ಕ-ಏಳು ಆಫ್‌ಸೂಟ್ ಎಂದರೆ ಕಸ. ಇನ್ನೊಬ್ಬನಿಗೆ ಎಕ್ಕ ಕಂಡರೆ ಕೈ ಬಿಡಲು ಮನಸ್ಸೇ ಬಾರದು. ಇಬ್ಬರೂ ಶೇ 20 ಕೈಗಳನ್ನೇ ಆಡಿದರೂ ಒಂಬತ್ತು-ಎಂಟು-ಐದು ಬಿದ್ದ ಫ್ಲಾಪಿನಲ್ಲಿ ಅವರಿಬ್ಬರೂ ಬೇರೆ ಬೇರೆ ಮನುಷ್ಯರು. ಸ್ಲೈಡರ್ ಮುಟ್ಟದೆ, ಚೌಕಗಳನ್ನು ಒಂದೊಂದಾಗಿ ಒತ್ತಿ ರೇಂಜ್ ಕಟ್ಟುವುದೇ ಸರಿಯಾದ ಅಭ್ಯಾಸ. ಮೂರು ನಿಮಿಷ ಹೆಚ್ಚು ಹಿಡಿಯುತ್ತದೆ, ಆದರೆ ಕಲಿಕೆ ಇರುವುದು ಆ ಮೂರು ನಿಮಿಷದಲ್ಲೇ.

ಆದರೂ ಕೈ ಓದುವ ಕಲಿಕೆಗೆ ಈಕ್ವಿಲ್ಯಾಬ್ ಅರ್ಧ ದಾರಿಯ ಸಾಧನ. ಮುಖ್ಯ ಪರದೆ ಕೊಡುವುದು ಶೇಕಡಾವಾರು ಪಾಲು. ಆ ಪಾಲಿನೊಳಗೆ ಎಷ್ಟು ಭಾಗ ಜೋಡಿಗಳಿಂದ, ಎಷ್ಟು ಡ್ರಾಗಳಿಂದ (ಬೇಕಾದ ಎಲೆ ಬಂದರೆ ದೊಡ್ಡದಾಗುವ ಕೈಗಳಿಂದ), ಎಷ್ಟು ಏನೂ ಹತ್ತದ ಕೈಗಳಿಂದ ಬಂತು ಎಂಬುದು ಒಂದು ಸಂಖ್ಯೆಯೊಳಗೆ ಕರಗಿಹೋಗುತ್ತದೆ. ಎದುರಾಳಿ ಯಾವುದನ್ನು ಬೆಟ್ ಮಾಡುತ್ತಾನೆ (ಪಣ ಹಾಕುತ್ತಾನೆ), ಯಾವುದನ್ನು ಚೆಕ್ ಮಾಡುತ್ತಾನೆ (ಪಣ ಹಾಕದೆ ಬಿಡುತ್ತಾನೆ) ಎಂದು ಯೋಚಿಸಲು ಬೇಕಾದದ್ದೇ ಆ ವಿಂಗಡಣೆ.

ಫ್ಲಾಪ್‌ಜಿಲ್ಲಾ

ಆ ವಿಂಗಡಣೆಗೆಂದೇ ಮಾಡಿದ್ದು ಫ್ಲಾಪ್‌ಜಿಲ್ಲಾ. ರೇಂಜ್ ಕೊಟ್ಟು ಬೋರ್ಡ್ ಇಟ್ಟ ಕೂಡಲೆ ಸೆಟ್ (ಕೈಯ ಜೋಡಿಗೆ ಬೋರ್ಡಿನಲ್ಲಿ ಅದೇ ಎಲೆ) ಎಷ್ಟು, ಎರಡು ಜೋಡಿ ಎಷ್ಟು, ಓವರ್‌ಪೇರ್ (ಬೋರ್ಡಿನ ಎಲ್ಲ ಎಲೆಗಿಂತ ದೊಡ್ಡ ಜೋಡಿ) ಎಷ್ಟು, ಟಾಪ್ ಪೇರ್ (ಬೋರ್ಡಿನ ಅತಿ ದೊಡ್ಡ ಎಲೆಯೊಂದಿಗೆ ಜೋಡಿ) ಎಷ್ಟು, ಫ್ಲಶ್ ಡ್ರಾ (ಒಂದೇ ಸೂಟಿನ ಐದು ಎಲೆಗೆ ಒಂದು ಕಡಿಮೆ) ಎಷ್ಟು, ಗಟ್‌ಶಾಟ್ (ಸಾಲಾದ ಐದು ಎಲೆಗೆ ನಡುವಿನ ಒಂದು ಕಡಿಮೆ) ಎಷ್ಟು ಎಂದು ಸಾಲುಸಾಲಾಗಿ ತೋರಿಸುತ್ತದೆ. ಸಾಲುಗಳ ಮೇಲೆ ಒತ್ತಿ ಫಿಲ್ಟರ್ ಹಾಕಿದರೆ ಆ ಕೈಗಳು ಮಾತ್ರ ಉಳಿದು ಮುಂದಿನ ಎಲೆಗೆ ಹೋಗುತ್ತವೆ. ಫ್ಲಾಪಿನಲ್ಲಿ ಹೊಡೆದುಹಾಕಿದ್ದು ಟರ್ನಿನಲ್ಲಿ ಮತ್ತೆ ಕಾಣಿಸಿಕೊಳ್ಳುವುದಿಲ್ಲ. ಈ ಒಂದು ಶಿಸ್ತಿಗಾಗಿಯೇ ದುಡ್ಡು ಕೊಡಬಹುದು. ಏಕೆಂದರೆ ಕಲಿಯುವವರು ಅತಿ ಹೆಚ್ಚು ಮಾಡುವ ತಪ್ಪು ಇದು: ಫ್ಲಾಪಿನಲ್ಲಿ "ಅವನ ಹತ್ತಿರ ಇದು ಇರಲಾರದು" ಎಂದು ಬಿಟ್ಟ ಕೈಯನ್ನು, ರಿವರಿನಲ್ಲಿ ಹೆದರಿಕೆ ಹುಟ್ಟಿಸುವ ಎಲೆ ಬಿದ್ದಾಗ ಮತ್ತೆ ಒಳಗೆ ಸೇರಿಸಿಕೊಳ್ಳುವುದು. ರೇಂಜ್ ಕಿರಿದಾಗಬಹುದು, ಹಿಗ್ಗುವಂತಿಲ್ಲ. ರಿವರಿನಲ್ಲಿ ಹಾಗೆ ಸೇರಿಸಬೇಕು ಅನ್ನಿಸಿದರೆ ಫ್ಲಾಪಿನಲ್ಲಿ ಹೊಡೆದುಹಾಕಿದ್ದೇ ತಪ್ಪು ಎಂದರ್ಥ. ಹಿಂದಕ್ಕೆ ಹೋಗಿ ಅಲ್ಲೇ ತಿದ್ದಬೇಕು.

ಫಿಲ್ಟರಿನ ಮಿತಿಯನ್ನೂ ತಿಳಿದಿರಬೇಕು. ಅದು ನೋಡುವುದು ಕೈಯ ವರ್ಗ. ಮನುಷ್ಯರು ಆಡುವುದು ವರ್ಗ ನೋಡಿ ಮಾತ್ರ ಅಲ್ಲ. "ಎಕ್ಕ ಹೈ" (ಜೋಡಿಯಿಲ್ಲ, ಎಕ್ಕವೇ ದೊಡ್ಡ ಎಲೆ) ಎಂಬ ಸಾಲನ್ನು ಉಳಿಸಿಕೊಂಡರೆ ಎಕ್ಕ-ರಾಜದ ಜೊತೆಗೆ ಎಕ್ಕ-ಹತ್ತೂ ಉಳಿಯುತ್ತದೆ. ಎದುರಾಳಿ ಮೊದಲನೆಯದನ್ನು ಬೆಟ್ ಮಾಡಿ ಎರಡನೆಯದನ್ನು ಚೆಕ್ ಮಾಡುವವನಿರಬಹುದು. ಅಂಥ ಕಡೆ ಫಿಲ್ಟರ್ ಬಿಟ್ಟು ಗ್ರಿಡ್‌ಗೇ ಹೋಗಿ ಆ ಚೌಕವನ್ನು ಆರಿಸಬೇಕು. ಒಂದು ಕೈಯನ್ನು ಅವನು ಯಾವಾಗಲೂ ಒಂದೇ ರೀತಿ ಆಡುವುದಿಲ್ಲ ಅನ್ನಿಸಿದರೆ ಆ ಚೌಕಕ್ಕೆ ಶೇಕಡಾ ತೂಕ ಕೊಡಬಹುದು. ಈ ತೂಕದ ಸೌಲಭ್ಯವನ್ನು ಬಹಳ ಜನ ಮುಟ್ಟುವುದೇ ಇಲ್ಲ. ತೂಕ ಕೊಟ್ಟರೆ ಏನಾಗುತ್ತದೆ, ಕೊಡದಿದ್ದರೆ ಏನಾಗುತ್ತದೆ ಎಂಬುದನ್ನು ಒಂದೇ ಕೈಯಲ್ಲಿ ಕೊನೆಯವರೆಗೆ ನೋಡೋಣ.

ಒಂದು ಕೈ, ಮೊದಲಿನಿಂದ ರಿವರ್‌ವರೆಗೆ

ಆರು ಜನರ ನೋ-ಲಿಮಿಟ್ (ಪಣಕ್ಕೆ ಮಿತಿಯಿಲ್ಲದ) ಮೇಜು. ಮೊದಲ ಸ್ಥಾನದಲ್ಲಿ ಕುಳಿತ ಬಿಗಿ ಆಟಗಾರ, ಎಂದರೆ ಕೆಲವೇ ಒಳ್ಳೆಯ ಕೈಗಳನ್ನು ಆಡುವವನು, ರೈಸ್ ಮಾಡಿದ್ದಾನೆ (ಪಣ ಏರಿಸಿದ್ದಾನೆ). ನಾವು ಬಿಗ್ ಬ್ಲೈಂಡ್‌ನಲ್ಲಿ (ಎಲೆ ನೋಡುವ ಮೊದಲೇ ಕಡ್ಡಾಯ ಪಣ ಹಾಕುವ ಸ್ಥಾನ), ಕೈಯಲ್ಲಿ ಕಳಾವರ್ ಎಕ್ಕ, ಕಳಾವರ್ ಗುಲಾಮ, ಕಾಲ್ ಮಾಡಿದ್ದೇವೆ (ಅವನಷ್ಟೇ ಪಣ ಹಾಕಿದ್ದೇವೆ). ಅವನಿಗೆ ಕೊಡುವ ರೇಂಜ್: ಏಳರ ಜೋಡಿ ಮತ್ತು ಮೇಲಿನವು, ಸೂಟೆಡ್ ಎಕ್ಕ-ಹತ್ತು, ಎಕ್ಕ-ಗುಲಾಮ, ಎಕ್ಕ-ರಾಣಿ, ಎಕ್ಕ-ರಾಜ, ಸೂಟೆಡ್ ರಾಜ-ಗುಲಾಮ, ರಾಜ-ರಾಣಿ, ರಾಣಿ-ಗುಲಾಮ, ಗುಲಾಮ-ಹತ್ತು, ಆಫ್‌ಸೂಟ್ ಎಕ್ಕ-ರಾಣಿ, ಎಕ್ಕ-ರಾಜ. ಜೋಡಿಗಳು 48, ಸೂಟೆಡ್ 32, ಆಫ್‌ಸೂಟ್ 24. ಒಟ್ಟು 104 ಕಾಂಬೋ, 1326ರಲ್ಲಿ ಶೇ 8ಕ್ಕಿಂತ ಚೂರು ಕಡಿಮೆ.

ಫ್ಲಾಪ್: ಡೈಮಂಡ್ ಗುಲಾಮ, ಇಸ್ಪೀಟ್ ಎಂಟು, ಕಳಾವರ್ ಮೂರು. ನಮ್ಮ ಎರಡು ಎಲೆ, ಬೋರ್ಡಿನ ಮೂರು ಎಲೆ ಕಳೆದರೆ 104 ಇದ್ದದ್ದು 76ಕ್ಕೆ ಇಳಿಯುತ್ತದೆ. ಅವನು ಇನ್ನೂ ಬೆಟ್ ಕೂಡ ಮಾಡಿಲ್ಲ, ಆಗಲೇ ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚು ಮಾಯ. ಎಕ್ಕದ ಜೋಡಿ 6 ಇದ್ದದ್ದು 3, ಗುಲಾಮನ ಜೋಡಿ 1, ಎಂಟರ ಜೋಡಿ 3, ಎಕ್ಕ-ರಾಜ 12, ಎಕ್ಕ-ರಾಣಿ 12. ನಮ್ಮ ಎಲೆಗಳನ್ನು ತಂತ್ರಾಂಶದಲ್ಲಿ ನಮೂದಿಸಲು ಮರೆತರೆ ಈ ಇಳಿಕೆ ಆಗುವುದಿಲ್ಲ, ಮುಂದಿನ ಸಂಖ್ಯೆಗಳೆಲ್ಲ ದಾರಿ ತಪ್ಪುತ್ತವೆ.

ಅವನು ಪಾಟಿನ ಮೂರನೇ ಎರಡು ಭಾಗ ಬೆಟ್ ಮಾಡುತ್ತಾನೆ. ಬಿಗಿ ಆಟಗಾರರು ಇಂಥ ಫ್ಲಾಪಿನಲ್ಲಿ ಹತ್ತರ ಜೋಡಿ, ಒಂಬತ್ತರ ಜೋಡಿ, ಏಳರ ಜೋಡಿಯನ್ನು ಚೆಕ್ ಮಾಡಿ ಅಗ್ಗದಲ್ಲಿ ರಿವರ್ ನೋಡಲು ಬಯಸುತ್ತಾರೆ ಎಂದಿಟ್ಟುಕೊಳ್ಳಿ; ಎಕ್ಕ-ಹತ್ತನ್ನೂ ಅದಕ್ಕೆ ಸೇರಿಸಿ. ಹೋದದ್ದು 21. ಉಳಿದದ್ದು 55: ಓವರ್‌ಪೇರ್, ಸೆಟ್, ಟಾಪ್ ಪೇರ್ ಸೇರಿ 27, ಏನೂ ಹತ್ತದ ಎಕ್ಕ-ರಾಜ, ಎಕ್ಕ-ರಾಣಿ, ರಾಜ-ರಾಣಿ ಸೇರಿ 28. ಬೆಟ್ ಬಂದಾಗಲೂ ಅರ್ಧಕ್ಕಿಂತ ಹೆಚ್ಚು ಗಾಳಿ. ಜೋಡಿಯಲ್ಲದ ಯಾವ ಕೈಗೂ ಫ್ಲಾಪಿನಲ್ಲಿ ತನ್ನ ಎಲೆ ಸಿಗುವುದು ಶೇ 32ರಷ್ಟು ಸಲ ಮಾತ್ರ ಎಂಬುದು ನೆನಪಿದ್ದರೆ ಇದು ಆಶ್ಚರ್ಯವಲ್ಲ. ಇಲ್ಲಿ ಕಾಲ್ ಮಾಡುವುದಕ್ಕೆ ಎರಡನೇ ಯೋಚನೆ ಬೇಡ.

ಟರ್ನ್: ಆಟೀನ್ ಐದು. ಯಾರಿಗೂ ಏನೂ ಬದಲಾಗಲಿಲ್ಲ. ಅವನು ಮತ್ತೆ ಮೂರನೇ ಎರಡು ಭಾಗ ಬೆಟ್ ಮಾಡುತ್ತಾನೆ. ಕಾಲ್ ಮಾಡಿದವನ ಎದುರು ಎರಡನೇ ಬೆಟ್ ಹಾಕಲು ಧೈರ್ಯ ಬೇಕು. ಎಕ್ಕ-ರಾಣಿ, ರಾಜ-ರಾಣಿ ಇಲ್ಲಿಗೆ ನಿಲ್ಲುತ್ತವೆ. ರಾಣಿ-ಗುಲಾಮ, ಗುಲಾಮ-ಹತ್ತು ಚೆಕ್ ಮಾಡಿಕೊಳ್ಳುತ್ತವೆ. ಉಳಿದದ್ದು ಎಕ್ಕದ ಜೋಡಿ 3, ರಾಜನ ಜೋಡಿ 6, ರಾಣಿಯ ಜೋಡಿ 6, ಗುಲಾಮನ ಜೋಡಿ 1, ಎಂಟರ ಜೋಡಿ 3, ಎಕ್ಕ-ಗುಲಾಮ 2, ರಾಜ-ಗುಲಾಮ 2, ಒಟ್ಟು 23. ಎಕ್ಕ-ರಾಜ? ಬಿಗಿ ಆಟಗಾರ ಅದನ್ನು ಕೆಲವೊಮ್ಮೆ ಮುಂದುವರಿಸಬಹುದು. 12ಕ್ಕೆ ಕಾಲು ಭಾಗ ತೂಕ, ಎಂದರೆ 3. ಒಟ್ಟು 26.

ರಿವರ್: ಡೈಮಂಡ್ ಎರಡು. ಫ್ಲಶ್ ಇಲ್ಲ, ಅವನ ರೇಂಜಿಗೆ ಹತ್ತುವ ಸ್ಟ್ರೇಟ್ (ಸಾಲಾದ ಐದು ಎಲೆ) ಇಲ್ಲ. ಈಗ ಅವನು ಪೂರ್ತಿ ಪಾಟಿನಷ್ಟು ಬೆಟ್ ಮಾಡುತ್ತಾನೆ. ಎಕ್ಕ-ಗುಲಾಮ, ರಾಜ-ಗುಲಾಮ ಇಷ್ಟು ದೊಡ್ಡ ಬೆಟ್ ಹಾಕವು, ಚೆಕ್ ಮಾಡುತ್ತವೆ. ನಮ್ಮನ್ನು ಸೋಲಿಸುವವು 19. ನಾವು ಸೋಲಿಸುವವು ಎಕ್ಕ-ರಾಜದ 3. ನಮ್ಮ ಪಾಲು 22ರಲ್ಲಿ 3, ಶೇ 13.6. ಪಾಟಿನಷ್ಟೇ ಬೆಟ್ ಬಂದಾಗ ಕಾಲ್ ಲಾಭವಾಗಲು ಬೇಕಾದದ್ದು ಮೂರರಲ್ಲಿ ಒಂದು, ಶೇ 33.3. ಫೋಲ್ಡ್, ಎಂದರೆ ಕೈ ಬಿಡುವುದು.

ಎಕ್ಕ-ರಾಜಕ್ಕೆ ತೂಕ ಕೊಡದೆ 12 ಕಾಂಬೋಗಳನ್ನೂ ಹಾಗೇ ಬಿಟ್ಟಿದ್ದರೆ? 31ರಲ್ಲಿ 12, ಶೇ 38.7. ತಂತ್ರಾಂಶ ಕಾಲ್ ಮಾಡಿ ಎನ್ನುತ್ತದೆ. ಒಂದೇ ಚೌಕದ ತೂಕ, ಉತ್ತರ ಉಲ್ಟಾ. ತಂತ್ರಾಂಶದಲ್ಲಿ ಏನೂ ದೋಷವಿಲ್ಲ, ಅದು ಕೊಟ್ಟದ್ದನ್ನು ಎಣಿಸಿತು.

ಆದ್ದರಿಂದ ಇದನ್ನು ಬಳಸುವ ಸರಿಯಾದ ಬಗೆ ಹೀಗೆ. ಉತ್ತರ ಕೇಳಬೇಡಿ, ಗಡಿ ಕೇಳಿ. ನಮ್ಮನ್ನು ಸೋಲಿಸುವವು 19 ಇದ್ದರೆ ಪಾಟಿನಷ್ಟು ಬೆಟ್ಟಿಗೆ ಕಾಲ್ ಮಾಡಲು ಕನಿಷ್ಠ 9.5 ಬ್ಲಫ್ (ಏನೂ ಹತ್ತದೆ ಹೆದರಿಸಲು ಬೆಟ್ ಮಾಡುವ ಕೈ) ಬೇಕು. ಎಕ್ಕ-ರಾಜದ 12ರಲ್ಲಿ 9.5, ಎಂದರೆ ಶೇ 79. ಈಗ ಪ್ರಶ್ನೆ ಸ್ಪಷ್ಟವಾಯಿತು: ಈ ಮನುಷ್ಯ ಏನೂ ಹತ್ತದ ಎಕ್ಕ-ರಾಜವನ್ನು ಐದರಲ್ಲಿ ನಾಲ್ಕು ಸಲ ಮೂರು ಹಂತವೂ ಬೆಟ್ ಮಾಡುವವನೇ? ಬಿಗಿ ಆಟಗಾರನ ಬಗ್ಗೆ ಇದಕ್ಕೆ ಹೌದು ಎನ್ನುವವರು ಯಾರೂ ಇಲ್ಲ. ಅವನ ತೂಕ ಕಾಲು ಭಾಗವೋ ಮೂರನೇ ಒಂದೋ ಎಂದು ತಲೆ ಕೆಡಿಸಿಕೊಳ್ಳುವ ಅಗತ್ಯವೇ ಬೀಳಲಿಲ್ಲ. ಬೆಟ್ ಪಾಟಿನ ಅರ್ಧ ಇದ್ದಿದ್ದರೆ ಬೇಕಾಗಿದ್ದದ್ದು ಶೇ 25, ಎಂದರೆ ಆರು ಚಿಲ್ಲರೆ ಬ್ಲಫ್. ಆಗ ಪ್ರಶ್ನೆ ನಿಜಕ್ಕೂ ಕಷ್ಟದ್ದಾಗುತ್ತಿತ್ತು.

ಇದೇ ಕೈಯನ್ನು ಇನ್ನೊಂದು ಸಲ ತಿರುಗಿಸಿ ನೋಡಿ. ನಮ್ಮಲ್ಲಿ ಕಳಾವರ್ ಎಕ್ಕದ ಬದಲು ಕಳಾವರ್ ರಾಣಿ ಇದ್ದಿದ್ದರೆ ಎಕ್ಕದ ಜೋಡಿ 6, ರಾಜನ ಜೋಡಿ 6, ರಾಣಿಯ ಜೋಡಿ 3, ಗುಲಾಮನದು 1, ಎಂಟರದು 3, ಮತ್ತೆ 19. ಆದರೆ ಎಕ್ಕ-ರಾಜ 12ರ ಬದಲು 16. ಸೋಲಿಸುವವು ಅಷ್ಟೇ, ಬ್ಲಫ್ ಮಾತ್ರ ಹೆಚ್ಚು. ಕಾಗದದ ಮೇಲೆ ಚಿಕ್ಕದಾದ ರಾಣಿ-ಗುಲಾಮ, ಈ ಒಂದು ನಿರ್ಧಾರದ ಮಟ್ಟಿಗೆ ಎಕ್ಕ-ಗುಲಾಮಕ್ಕಿಂತ ಒಳ್ಳೆಯ ಕಾಲ್. ಇಂಥದ್ದು ಮೇಜಿನ ಬಳಿ ಹೊಳೆಯುವುದಿಲ್ಲ, ಗ್ರಿಡ್ ಎದುರು ಕುಳಿತಾಗ ಹೊಳೆಯುತ್ತದೆ. ಈ ತಂತ್ರಾಂಶಗಳು ಕೊಡುವ ದೊಡ್ಡ ಸಂತೋಷವೂ ಇದೇ.

ಈಕ್ವಿಲ್ಯಾಬ್ ಮಾತ್ರ ಇರುವವರು ಇದೇ ರಿವರ್ ಲೆಕ್ಕವನ್ನು ತೂಕದ ಗೋಜಿಲ್ಲದೆ ಮಾಡಬಹುದು. ಎಕ್ಕ-ರಾಜದ ಆಫ್‌ಸೂಟ್ ಚೌಕ ಬಿಟ್ಟು ಸೂಟೆಡ್ ಚೌಕಕ್ಕೆ ಮಾತ್ರ ಬಣ್ಣ ಹಚ್ಚಿ. ಕಳಾವರ್ ಎಕ್ಕ ನಮ್ಮಲ್ಲೇ ಇರುವುದರಿಂದ ಸರಿಯಾಗಿ 3 ಕಾಂಬೋ ಉಳಿಯುತ್ತದೆ. ಜೋಡಿಗಳಲ್ಲಿ ಗುಲಾಮನಿಂದ ಮೇಲಿನವು ಮತ್ತು ಎಂಟರದು. ಐದೂ ಎಲೆ ಬೋರ್ಡಿಗೆ ಹಾಕಿ ಒತ್ತಿದರೆ 13.6 ಬರಬೇಕು. ಬರದಿದ್ದರೆ ಯಾವುದೋ ಎಲೆಯನ್ನು ತಪ್ಪಾಗಿ ಹಾಕಿದ್ದೀರಿ.

ಎಲ್ಲಿ ಕೆಡುತ್ತದೆ

ಅತಿ ದೊಡ್ಡ ತಪ್ಪು, ಎದುರಾಳಿಗೆ ನಮ್ಮದೇ ರೇಂಜ್ ಕೊಡುವುದು. "ನಾನಾಗಿದ್ದರೆ ಇಲ್ಲಿ ಹತ್ತರ ಜೋಡಿಯನ್ನು ಬೆಟ್ ಮಾಡುತ್ತಿದ್ದೆ" ಎಂಬುದು ಅವನ ಬಗ್ಗೆ ಏನನ್ನೂ ಹೇಳುವುದಿಲ್ಲ. ಅವನ ಬಗ್ಗೆ ಹೇಳುವುದು ಕೊನೆಯಲ್ಲಿ ಎಲೆ ತೆರೆದು ತೋರಿಸುವ ಶೋಡೌನ್ ಒಂದೇ. ಎಲೆ ತೋರಿಸಿದ ಪ್ರತಿ ಸಲವೂ ಎರಡು ಸಾಲು ಬರೆದಿಟ್ಟುಕೊಳ್ಳಬೇಕು: ಯಾವ ಸ್ಥಾನದಿಂದ, ಯಾವ ಕೈಯನ್ನು, ಯಾವ ಹಂತದಲ್ಲಿ ಎಷ್ಟು ಬೆಟ್ ಮಾಡಿದ. ನಾವು ಫೋಲ್ಡ್ ಮಾಡಿ ಕುಳಿತಿರುವ ಕೈಗಳಲ್ಲಿ ಇದನ್ನು ಮಾಡುವುದು ಸುಲಭ. ದುಃಖದ ಸಂಗತಿ, ಆ ಹೊತ್ತಿಗೆ ಹೆಚ್ಚಿನವರ ಕಣ್ಣು ಫೋನಿನ ಮೇಲಿರುತ್ತದೆ.

ಆಡಿದ ಕೈಗಳ ದಾಖಲೆ ಇಡುವ ಟ್ರ್ಯಾಕರ್ ತಂತ್ರಾಂಶ ಬಳಸುವವರು ವಿಪಿಪ್, ಪಿ.ಎಫ್.ಆರ್. ಎಂಬ ಅಂಕಿಗಳಿಂದ ರೇಂಜ್ ಕಟ್ಟುತ್ತಾರೆ. ಮೊದಲನೆಯದು ಅವನು ಸ್ವಂತ ಇಚ್ಛೆಯಿಂದ ಪಾಟಿಗೆ ದುಡ್ಡು ಹಾಕಿದ ಕೈಗಳ ಶೇಕಡಾ, ಎರಡನೆಯದು ಫ್ಲಾಪಿಗೆ ಮೊದಲು ರೈಸ್ ಮಾಡಿದ ಶೇಕಡಾ. ಒಳ್ಳೆಯ ಆರಂಭ, ಆದರೆ ಎಷ್ಟು ಕೈಗಳಿಂದ ಬಂದ ಅಂಕಿ ಎಂದು ನೋಡಲೇಬೇಕು. ನಿಜವಾದ ವಿಪಿಪ್ 25 ಇರುವವನ 100 ಕೈ ನೋಡಿದರೂ, ಕಾಕತಾಳೀಯವಾಗಿ ಅದು 17ರಿಂದ 33ರ ನಡುವೆ ಎಲ್ಲಾದರೂ ಕಾಣಿಸಿಕೊಳ್ಳಬಹುದು. 20 ಕೈ ನೋಡಿ "ಇವನು ಬಿಗಿ" ಎಂದು ತೀರ್ಮಾನಿಸುವುದು ನಾಣ್ಯ ಎಸೆದಂತೆ. ಜೊತೆಗೆ ಈ ಅಂಕಿ ಎಲ್ಲ ಸ್ಥಾನಗಳ ಸರಾಸರಿ. ಪಿ.ಎಫ್.ಆರ್. 15 ಇರುವವನು ಮೊದಲ ಸ್ಥಾನದಿಂದ ಶೇ 9, ಬಟನ್‌ನಿಂದ (ಫ್ಲಾಪಿನ ಮೇಲೆ ಕೊನೆಗೆ ಆಡುವ ಸ್ಥಾನ) ಶೇ 25 ರೈಸ್ ಮಾಡುವವನಿರಬಹುದು. ಮೊದಲ ಸ್ಥಾನದ ರೈಸಿಗೆ ಶೇ 15ರ ರೇಂಜ್ ಕೊಟ್ಟರೆ 199 ಕಾಂಬೋ. ಶೇ 9 ಎಂದರೆ 119. ಆ 80 ಕಾಂಬೋಗಳ ವ್ಯತ್ಯಾಸ ರಿವರ್‌ವರೆಗೂ ಬೆನ್ನಿಗೆ ಬೀಳುತ್ತದೆ.

ಫ್ಲಶ್ ಡ್ರಾಗಳ ವಿಷಯದಲ್ಲಿ ಎಣಿಕೆ ಉಬ್ಬುತ್ತದೆ. ಫ್ಲಾಪಿನಲ್ಲಿ ಎರಡು ಇಸ್ಪೀಟ್ ಬಿದ್ದ ಕೂಡಲೆ ಸೂಟೆಡ್ ಚೌಕಗಳನ್ನೆಲ್ಲ ಡ್ರಾ ಎಂದು ಲೆಕ್ಕ ಹಾಕುವವರಿದ್ದಾರೆ. ಸೂಟೆಡ್ ಏಳು-ಆರರಲ್ಲಿ 4 ಕಾಂಬೋ ಇವೆ, ಅದರಲ್ಲಿ ಇಸ್ಪೀಟಿನದು ಒಂದೇ. ನಮ್ಮ ಕೈಯಲ್ಲಿ ಇಸ್ಪೀಟ್ ಇಲ್ಲದಿದ್ದರೆ ಉಳಿದ 11 ಇಸ್ಪೀಟುಗಳಿಂದ ಆಗುವ ಜೋಡಿಗಳು ಒಟ್ಟು 55. ಅದರಲ್ಲಿ ರಾಣಿ-ಎರಡು, ಒಂಬತ್ತು-ಮೂರು ಎಂಬಂಥ, ಯಾರೂ ಆಡದ ಕೈಗಳನ್ನು ತೆಗೆದರೆ ಉಳಿಯುವುದು ಸ್ವಲ್ಪವೇ. ಇದಕ್ಕೆ ವಿರುದ್ಧ ತಪ್ಪೂ ಉಂಟು: ರಿವರಿನಲ್ಲಿ ಮೂರನೇ ಇಸ್ಪೀಟ್ ಬರದಿದ್ದಾಗ ಹತ್ತದೆ ಹೋದ ಆ ಡ್ರಾಗಳನ್ನು ಪೂರ್ತಿ ಮರೆಯುವುದು. ಅವನ ಬ್ಲಫ್‌ಗಳು ಬರುವುದೇ ಅವುಗಳಿಂದ. ಮೇಲಿನ ಉದಾಹರಣೆಯ ಬೋರ್ಡಿನಲ್ಲಿ ಫ್ಲಶ್ ಡ್ರಾಗಳೇ ಇರಲಿಲ್ಲ, ಹಾಗಾಗಿಯೇ ಅಲ್ಲಿ ಬ್ಲಫ್ ಅಷ್ಟು ಕಡಿಮೆ ಉಳಿದದ್ದು.

ಫ್ಲಾಪಿನ ಶೇಕಡಾ ನೋಡಿ ಅದನ್ನೇ ಗೆಲುವು ಎಂದು ತಿಳಿಯುವುದು ಇನ್ನೊಂದು. ಈಕ್ವಿಲ್ಯಾಬ್ ಶೇ 40 ಎಂದರೆ, ಇಬ್ಬರೂ ಬೆಟ್ ನಿಲ್ಲಿಸಿ ಐದೂ ಎಲೆ ಬಿಡಿಸಿ ನೋಡಿದರೆ ಶೇ 40 ಎಂದರ್ಥ. ಟರ್ನಿನಲ್ಲಿ ದೊಡ್ಡ ಬೆಟ್ ಬಂದು ಫೋಲ್ಡ್ ಮಾಡಬೇಕಾಗುವ ಕೈ ಆ ಪಾಲನ್ನು ಪೂರ್ತಿ ಮುಟ್ಟುವುದಿಲ್ಲ.

ಅಭ್ಯಾಸದ ಕ್ರಮ, ಮತ್ತು ಯಾರಿಗೆ ಯಾವುದು

ದಿನಕ್ಕೆ ಒಂದೇ ಕೈ ಸಾಕು, ಇಪ್ಪತ್ತು ನಿಮಿಷ. ಶೋಡೌನ್ ಆದ ಕೈಯನ್ನೇ ಆರಿಸಿ, ಎದುರಾಳಿಯ ಎಲೆ ಮುಚ್ಚಿಡಿ. ತಂತ್ರಾಂಶ ತೆರೆಯುವ ಮೊದಲು ಖಾಲಿ ಗ್ರಿಡ್ ಇರುವ ಕಾಗದದ ಮೇಲೆ ಪೆನ್ಸಿಲ್‌ನಿಂದ ಅವನ ಮೊದಲ ರೇಂಜ್ ಗುರುತಿಸಿ, ಕಾಂಬೋ ಎಷ್ಟೆಂದು ಬಾಯಲ್ಲೇ ಎಣಿಸಿ ಬರೆಯಿರಿ. ಪ್ರತಿ ಹಂತದಲ್ಲಿ ಹೊಡೆದುಹಾಕುವಾಗ ಕಾರಣವನ್ನು ಒಂದೊಂದು ಪದದಲ್ಲಾದರೂ ಪಕ್ಕದಲ್ಲಿ ಬರೆಯಬೇಕು. ಕಾರಣ ಹೊಳೆಯದ ಕೈಯನ್ನು ಹೊಡೆದುಹಾಕಬಾರದು. ಆಮೇಲೆ ಅದನ್ನೇ ಫ್ಲಾಪ್‌ಜಿಲ್ಲಾಕ್ಕೆ ಹಾಕಿ ಎಣಿಕೆ ತಾಳೆ ನೋಡಿ. ಕೊನೆಗೆ ಎಲೆ ತೆರೆಯಿರಿ. ಅವನ ಕೈ ನಿಮ್ಮ ಕೊನೆಯ ರೇಂಜಿನಲ್ಲಿ ಇಲ್ಲದಿದ್ದರೆ ಯಾವ ಹಂತದಲ್ಲಿ ಅದನ್ನು ಬಿಟ್ಟಿರಿ ಎಂದು ಹುಡುಕಿ. ಫ್ಲಾಪಿಗೆ ಮೊದಲೇ ಬಿಟ್ಟಿದ್ದರೆ ಅವನ ಸಡಿಲತೆಯನ್ನು ಕಡಿಮೆ ಅಂದಾಜು ಮಾಡಿದ್ದೀರಿ. ಟರ್ನಿನಲ್ಲಿ ಬಿಟ್ಟಿದ್ದರೆ ಬೆಟ್ಟಿನ ಗಾತ್ರದ ಅರ್ಥ ತಪ್ಪಿದ್ದೀರಿ. ಹತ್ತು ಕೈಗಳ ಕಾಗದ ಒಟ್ಟಿಗೆ ಇಟ್ಟು ನೋಡಿದಾಗ ಒಬ್ಬೊಬ್ಬರ ತಪ್ಪೂ ಬಹುತೇಕ ಒಂದೇ ಹಂತದಲ್ಲಿ ಗುಂಪುಗೂಡಿರುವುದು ಕಾಣುತ್ತದೆ. ರೇಂಜ್ ಸರಿಯಿತ್ತೇ ಎಂಬುದನ್ನು ಒಂದೇ ಶೋಡೌನಿನಿಂದ ತೀರ್ಮಾನಿಸಬೇಡಿ. 26 ಕಾಂಬೋಗಳಲ್ಲಿ 3 ಎಂದು ಅಂದಾಜಿಸಿದ ಕೈ ಕೂಡ ಒಮ್ಮೊಮ್ಮೆ ಬಂದೇ ಬರುತ್ತದೆ.

ಎರಡರಲ್ಲಿ ಒಂದೇ ಎಂದರೆ, ಕಲಿಕೆಯ ದೃಷ್ಟಿಯಿಂದ ಫ್ಲಾಪ್‌ಜಿಲ್ಲಾ ಮೇಲು. ಆದರೆ ಎಣಿಕೆ ಬಾಯಿಗೆ ಬರುವವರೆಗೆ ಅದಕ್ಕೆ ದುಡ್ಡು ಹಾಕುವ ಅವಸರ ಬೇಡ. ಮೊದಲ ಎರಡು ತಿಂಗಳಿಗೆ ಕಾಗದದ ಗ್ರಿಡ್ ಮತ್ತು ಈಕ್ವಿಲ್ಯಾಬ್ ಧಾರಾಳ. ಒಮಾಹಾ ಎಂಬ ಇನ್ನೊಂದು ಬಗೆಯ ಪೋಕರ್ ಆಡುವವರಿಗೆ ನಾಲ್ಕೆಲೆಯ ಕೈಗಳು 169 ಚೌಕದಲ್ಲಿ ಹಿಡಿಸುವುದೇ ಇಲ್ಲ, ಅವರ ದಾರಿ ಬೇರೆ. ಮ್ಯಾಕ್ ಇರುವವರು ವಿಂಡೋಸ್ ನಡೆಸುವ ವ್ಯವಸ್ಥೆ ಮಾಡಿಕೊಂಡ ಮೇಲೆಯೇ ಖರೀದಿಯ ಯೋಚನೆ ಮಾಡಲಿ. ಎರಡೂ ತಂತ್ರಾಂಶ ಆಟ ಮುಗಿದ ಮೇಲೆ ಕುಳಿತು ಓದುವುದಕ್ಕೆ. ಆನ್‌ಲೈನ್‌ನಲ್ಲಿ ಕೈ ನಡೆಯುತ್ತಿರುವಾಗ ಸಹಾಯ ಮಾಡುವ ಸಾಧನಗಳ ಬಗ್ಗೆ ತಾಣಗಳ ನಿಯಮ ಕಟ್ಟುನಿಟ್ಟು, ಖಾತೆಯೇ ಹೋಗಬಹುದು. ಆಡಲು ಕೂರುವ ಮೊದಲು ಎರಡನ್ನೂ ಮುಚ್ಚಿಡಿ.